ರ‍್ಯಾಂಕಿಂಗ್ ಪಜಲ್: ಎತ್ತರ, ವಯಸ್ಸು, ಅಂಕ ಎಲ್ಲ ಒಟ್ಟಿಗೆ ಬಂದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ರೂಮು ಹಿಡಿದು ಬ್ಯಾಂಕು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವವರು ರೀಸನಿಂಗ್ ವಿಭಾಗದಲ್ಲಿ ಹೆಚ್ಚು ತಡವರಿಸುವುದು ಇಲ್ಲೇ. ಐದಾರು ಜನರ ಹೆಸರು, ಎರಡು ಮೂರು ಮಾನದಂಡ, ಐದು ಸುಳಿವು. ಓದಿ ಮುಗಿಸುವುದರೊಳಗೆ ತಲೆ ಗಿರಗಿಟ್ಲೆ. ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ. ಪೆನ್ನು, ಹಾಳೆ ಕೈಯಲ್ಲಿ ಹಿಡಿದೇ ಓದಿ. ಬರೀ ಕಣ್ಣಾಡಿಸಿದರೆ ಎಲ್ಲವೂ ತಿಳಿದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ಏನೂ ನೆನಪಾಗುವುದಿಲ್ಲ.

ರ‍್ಯಾಂಕಿಂಗ್ ಅಂದ್ರ ಸಾಲಿನ ಲೆಕ್ಕಾನ ಅಲ್ಲೇನ್ರಿ? 'ಮುಂದಿನಿಂದ 17ನೆಯವ, ಹಿಂದಿನಿಂದ 24ನೆಯವ' ಅಂತ?

ಅದು ಚಿಕ್ಕ ತಮ್ಮ. ಅಲ್ಲಿ ಸೂತ್ರ ಸಾಕು (ಕೆಳಗೆ ಬರುತ್ತದೆ). ಇಲ್ಲಿ ಹೇಳುತ್ತಿರುವುದು ದೊಡ್ಡಣ್ಣನ ವಿಷಯ: ಅದೇ ಐದು ಜನರನ್ನು ಎತ್ತರದ ಪ್ರಕಾರ ಒಮ್ಮೆ, ವಯಸ್ಸಿನ ಪ್ರಕಾರ ಇನ್ನೊಮ್ಮೆ ಜೋಡಿಸಬೇಕು, ಸುಳಿವುಗಳು ಮಾತ್ರ ಎರಡನ್ನೂ ಕಲಸಿ ಹೇಳುತ್ತವೆ. ಸೂತ್ರ ಬಾಯಿಪಾಠ ಮಾಡಿದರೆ ಇದು ಬಿಡಿಸುವುದಿಲ್ಲ. ಸುಳಿವು ಹೇಳಿದ್ದಷ್ಟನ್ನೇ ಬರೆಯುವುದು, ಹೇಳದ್ದನ್ನು ಬರೆಯದೇ ಇರುವುದು: ಕೆಲಸ ಇರುವುದು ಇಷ್ಟೇ. ತಪ್ಪುಗಳಲ್ಲಿ ಬಹುಪಾಲು ಎರಡನೆಯ ಅರ್ಧದಲ್ಲಿ ಆಗುತ್ತವೆ.

ಎತ್ತರದಾಗ ಮುಂದ ಇದ್ದವ ವಯಸ್ಸಿನಾಗೂ ಮುಂದ ಇರ್ತಾನ ಅಂತ ಹಿಡೀಬಹುದೇನು?

ಖಂಡಿತ ಬೇಡ. ಬ್ಯಾಡಗಿ ಮೆಣಸಿನಕಾಯಿ ನೆನಪಿಸಿಕೊಳ್ಳಿ. ಬಣ್ಣದಲ್ಲಿ ಸಾಲು ಹಚ್ಚಿದರೆ ಬ್ಯಾಡಗಿ ಮೇಲೆ, ಗುಂಟೂರು ಕೆಳಗೆ. ಖಾರದಲ್ಲಿ ಹಚ್ಚಿದರೆ ಗುಂಟೂರು ಮೇಲೆ, ಬ್ಯಾಡಗಿ ಕೆಳಗೆ. ಕಾಯಿ ಅವೇ, ಸಾಲು ಬೇರೆ. ಬಣ್ಣ ನೋಡಿ ಖಾರ ಹೇಳಹೋದವ ಊಟಕ್ಕೆ ಕೂತಾಗ ಮೋಸ ಹೋಗುತ್ತಾನೆ.

ಪಜಲ್‌ನಲ್ಲೂ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಲು ಇರುವ ಸೇತುವೆ ಒಂದೇ, ಸುಳಿವಿನಲ್ಲಿ ಬಾಯಿಬಿಟ್ಟು ಹೇಳಿದ ಮಾತು. 'ಎಲ್ಲರಿಗಿಂತ ಗಿಡ್ಡ ಇರುವವರೇ ಎಲ್ಲರಿಗಿಂತ ಹಿರಿಯರು' ಎಂದರೆ ಅದು ಸೇತುವೆ. ಅಂಥ ವಾಕ್ಯ ಕಂಡ ಕೂಡಲೇ ಅಡಿಗೆರೆ ಹಾಕಿ.

ರಫ್ ಶೀಟಿನಾಗ ಹೆಂಗ ಬರಕೊಳ್ಳಬೇಕು?

ಒಂದು ಮಾನದಂಡಕ್ಕೆ ಒಂದು ಅಡ್ಡಸಾಲು. ಮೇಲೆ 1, 2, 3, 4, 5 ಅಂತ ಸ್ಥಾನ. ಎಡಕ್ಕೆ ಸಾಲಿನ ಹೆಸರು: 'ಎತ್ತ', 'ವಯ'. ಖಾನೆಯಲ್ಲಿ ಪೂರ್ತಿ ಹೆಸರು ಬೇಡ, ಮೊದಲ ಅಕ್ಷರ ಸಾಕು. ಇಬ್ಬರ ಮೊದಲ ಅಕ್ಷರ ಒಂದೇ ಆಗಿದ್ದರೆ ಒಬ್ಬರಿಗೆ ಎರಡನೆಯ ಅಕ್ಷರ ಬಳಸಿ.

1 ಅಂದರೆ ಏನು ಎಂಬುದನ್ನು ಮೊದಲೇ ಬರೆದಿಡಿ: ಎತ್ತರದಲ್ಲಿ 1 ಅಂದರೆ ಅತಿ ಎತ್ತರ, ವಯಸ್ಸಿನಲ್ಲಿ 1 ಅಂದರೆ ಅತಿ ಹಿರಿಯ. ಇದನ್ನು ಬಿಟ್ಟವರು ಮೂರನೇ ಸುಳಿವಿನ ಹೊತ್ತಿಗೆ ಒಂದು ಸಾಲನ್ನು ಹಿರಿಯರಿಂದ, ಇನ್ನೊಂದನ್ನು ಗಿಡ್ಡರಿಂದ ತುಂಬಿರುತ್ತಾರೆ.

ಖಚಿತ ಜಾಗ ಸಿಕ್ಕಿದ್ದನ್ನು ಖಾನೆಯಲ್ಲೇ ಬರೆಯಿರಿ. 'ಬ, ಅಗಿಂತ ಎತ್ತರ' ಎಂಬಂಥ ಜಾಗವಿಲ್ಲದ ಮಾತನ್ನು ಸಾಲಿನ ಬಲಕ್ಕೆ 'ಬ > ಅ' ಅಂತ ಬರೆದು ಕಾಯಿಸಿ. ಬಳಸಿದ ಮೇಲೆ ಗೆರೆ ಎಳೆದು ಹೊಡೆದುಹಾಕಿ. ಕೊನೆಗೆ ಹೊಡೆಯದ ಸುಳಿವು ಉಳಿದಿದ್ದರೆ ಕೆಲಸ ಬಾಕಿ ಇದೆ ಅಂತ ಅರ್ಥ.

ಸುಳಿವು ಐದೂ ಓದೀನ್ರಿ. ಈಗ ಎಲ್ಲಿಂದ ಶುರು ಮಾಡ್ಬೇಕು?

ಕೊಟ್ಟ ಕ್ರಮದಲ್ಲಿ ಅಂತೂ ಅಲ್ಲ. ಪ್ರಶ್ನೆ ತೆಗೆಯುವವರು ಜಾಗ ಹೇಳುವ ಸುಳಿವನ್ನು ಬೇಕೆಂದೇ ನಡುವೆ ಅಡಗಿಸಿರುತ್ತಾರೆ. ಒಂದನ್ನು ಪೂರ್ತಿ ಬಿಡಿಸೋಣ.

ಅನಿತಾ, ಬಸವರಾಜ, ಚನ್ನಮ್ಮ, ದಾವಲ್, ಈರಣ್ಣ: ಐವರು. ಎತ್ತರದಲ್ಲಾಗಲಿ ವಯಸ್ಸಿನಲ್ಲಾಗಲಿ ಯಾರೂ ಯಾರಿಗೂ ಸಮ ಇಲ್ಲ.

1. ಬಸವರಾಜ ಅನಿತಾಗಿಂತ ಎತ್ತರ, ಆದರೆ ಎಲ್ಲರಿಗಿಂತ ಎತ್ತರದವನಲ್ಲ.
2. ಎಲ್ಲರಿಗಿಂತ ಗಿಡ್ಡ ಇರುವವರೇ ಎಲ್ಲರಿಗಿಂತ ಹಿರಿಯರು.
3. ದಾವಲ್ ಎತ್ತರದಲ್ಲಿ ನಾಲ್ಕನೆಯವನು. ವಯಸ್ಸಿನಲ್ಲಿ ಸರಿಯಾಗಿ ನಡುವೆ ಇದ್ದಾನೆ.
4. ಅನಿತಾ ಚನ್ನಮ್ಮಗಿಂತ ಕಿರಿಯಳು, ದಾವಲ್‌ಗಿಂತ ಹಿರಿಯಳು.
5. ಎಲ್ಲರಿಗಿಂತ ಎತ್ತರದವರು ಬಸವರಾಜನಿಗಿಂತ ಹಿರಿಯರು.

ಮೊದಲ ಸುಳಿವಿನಿಂದ ಹೊರಟರೆ ಬಸವರಾಜ ಎರಡೋ, ಮೂರೋ, ನಾಲ್ಕೋ ಅಂತ ಮೂರು ಚಿತ್ರ ಬರೆಯಬೇಕಾಗುತ್ತದೆ. ಮೂರನೆಯದನ್ನು ಹಿಡಿಯಿರಿ, ಅದರಲ್ಲಿ ಎರಡು ಖಚಿತ ಜಾಗ ಇವೆ. ಎತ್ತರ 4 = ದ, ವಯಸ್ಸು 3 = ದ.

ಅದೇ ದಾವಲ್‌ನ ಹೆಸರು ಇನ್ನೆಲ್ಲಿ ಇದೆ? ನಾಲ್ಕರಲ್ಲಿ. ಅವನಿಗಿಂತ ಹಿರಿಯರ ಜಾಗ ಎರಡೇ, 1 ಮತ್ತು 2. ಚನ್ನಮ್ಮ, ಅನಿತಾ ಆ ಕ್ರಮದಲ್ಲಿ ಕೂತುಬಿಡುತ್ತಾರೆ: ವಯಸ್ಸು 1 = ಚ, 2 = ಅ. ಈಗ ಎರಡನೆಯ ಸುಳಿವು, ನಮ್ಮ ಸೇತುವೆ: ಹಿರಿಯಳು ಚನ್ನಮ್ಮ, ಹಾಗಾಗಿ ಎತ್ತರ 5 = ಚ.

ಎತ್ತರದಲ್ಲಿ ಉಳಿದದ್ದು 1, 2, 3. ಉಳಿದವರು ಅ, ಬ, ಈ. ಮೊದಲ ಸುಳಿವು ಈಗ ಬಂದರೆ ಮೂರು ಚಿತ್ರ ಬೇಡವೇ ಬೇಡ. ಬಸವರಾಜ 1 ಅಲ್ಲ, ಅನಿತಾಗಿಂತ ಮೇಲೆ ಇರಬೇಕು, ಹಾಗಾಗಿ 2, ಅನಿತಾ 3, ಈರಣ್ಣ 1. ಐದನೆಯ ಸುಳಿವಿನಿಂದ ಈರಣ್ಣ ಬಸವರಾಜನಿಗಿಂತ ಹಿರಿಯ: ವಯಸ್ಸು 4 = ಈ, 5 = ಬ.

ಎತ್ತರ: ಈ, ಬ, ಅ, ದ, ಚ
ವಯಸ್ಸು: ಚ, ಅ, ದ, ಈ, ಬ

ಕ್ರಮ ನೋಡಿ: 3, 4, 2, 1, 5. ಖಚಿತ ಜಾಗದ ಸುಳಿವು ಮೊದಲು, ಆ ಹೆಸರು ಮತ್ತೆ ಬರುವ ಸುಳಿವು ಆಮೇಲೆ, ನಂತರ ಸೇತುವೆ, 'ಅಲ್ಲ' ಎನ್ನುವ ಸುಳಿವು ಆದಷ್ಟು ತಡವಾಗಿ. ನಿಷೇಧದ ಸುಳಿವು ಖಾಲಿ ಹಾಳೆಯಲ್ಲಿ ದುರ್ಬಲ, ಅರ್ಧ ತುಂಬಿದ ಹಾಳೆಯಲ್ಲಿ ಬಲು ಗಟ್ಟಿ.

ಇದರ ಮೇಲೆ 'ಎರಡೂ ಸಾಲಿನಲ್ಲಿ ಒಂದೇ ಸ್ಥಾನ ಇರುವವರು ಎಷ್ಟು ಜನ?' ಎಂದು ಕೇಳಿದರೆ ಉತ್ತರ ಸೊನ್ನೆ. ಸೊನ್ನೆ ಬಂದಾಗ ತಾವೇ ತಪ್ಪಿದೆವು ಅಂದುಕೊಂಡು ಮತ್ತೆ ಮೊದಲಿನಿಂದ ಬಿಡಿಸಲು ಕೂರುವವರು ಬಹಳ. ಆಯ್ಕೆಯಲ್ಲಿ 'ಒಬ್ಬರೂ ಇಲ್ಲ' ಎಂದಿದ್ದರೆ ಗುರುತು ಹಾಕಿ ಮುಂದೆ ಹೋಗಿ. 'ದಾವಲ್‌ಗಿಂತ ಎತ್ತರವೂ ಹಿರಿಯರೂ ಆದವರು ಎಷ್ಟು?' ಅಂದರೆ ಅನಿತಾ ಒಬ್ಬಳೇ.

'ಅವನಿಗಿಂತ ಎತ್ತರ' ಅಂದ್ರ ಪಕ್ಕದ ಜಾಗಾನ ಅಲ್ಲೇನು?

ಅಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ನವನಗರ ಮೊದಲು, ಉಣಕಲ್ ಆಮೇಲೆ, ವಿದ್ಯಾನಗರ ಅದರ ನಂತರ. ಇದಿಷ್ಟೇ ಕೇಳಿದ ಹೊಸಬನಿಗೆ ನಡುವೆ ಎಷ್ಟು ಸ್ಟಾಪ್ ಅಂತ ಗೊತ್ತಾಗುತ್ತದೆಯೇ? ಹೋಲಿಕೆ ಕ್ರಮವನ್ನು ಹೇಳುತ್ತದೆ, ಅಂತರವನ್ನಲ್ಲ. ಪಕ್ಕದ ಜಾಗ ಎನ್ನಲು 'ಸರಿಯಾಗಿ ನಂತರದ ಸ್ಥಾನ', 'ಒಂದು ಸ್ಥಾನ ಮೇಲೆ', 'ನಡುವೆ ಯಾರೂ ಇಲ್ಲ' ಎಂಬಂಥ ಮಾತು ಬೇಕು. ಕಾಗದದ ಮೇಲೆ ಎರಡಕ್ಕೂ ಬೇರೆ ಗುರುತು ಇಟ್ಟುಕೊಳ್ಳಿ: ಬರೀ ಹೋಲಿಕೆಗೆ 'ಬ > ಅ', ಪಕ್ಕದ ಜಾಗಕ್ಕೆ 'ಬಅ' ಅಂತ ಕೂಡಿಸಿ ಸುತ್ತ ಚೌಕ.

ಯಾವ ಯಾವ ಮಾತಿನಾಗ ಎಡವತೀವಿ?

ಚಿಕ್ಕ ಚಿಕ್ಕ ಪದಗಳಲ್ಲಿ.

'ಅನಿತಾಗಿಂತ ಇಬ್ಬರು ಮಾತ್ರ ಎತ್ತರ' ಎಂದರೆ ಅನಿತಾ ಮೂರನೆಯವಳು, ಎರಡನೆಯವಳಲ್ಲ. ಈ ಒಂದು ಅಂಕಿಯ ತಪ್ಪು ಇಡೀ ಸಾಲನ್ನು ಸರಿಸಿಬಿಡುತ್ತದೆ. 'ಮಾತ್ರ' ಹೋಗಿ 'ಕನಿಷ್ಠ' ಬಂದರೆ ಅನಿತಾ ಮೂರೋ, ಅದಕ್ಕಿಂತ ಕೆಳಗೋ.

'ಇಬ್ಬರ ನಡುವೆ ಮೂವರಿದ್ದಾರೆ' ಎಂದರೆ ಸ್ಥಾನಗಳ ವ್ಯತ್ಯಾಸ 4. 'ಎರಡು ಸ್ಥಾನ ಮೇಲೆ' ಎಂದರೆ ವ್ಯತ್ಯಾಸ 2, ನಡುವೆ ಇರುವವರು ಒಬ್ಬರೇ. ಒಂದು ನಡುವಿನ ತಲೆ ಎಣಿಸುತ್ತದೆ, ಇನ್ನೊಂದು ಹೆಜ್ಜೆ ಎಣಿಸುತ್ತದೆ.

'ಅನಿತಾಳಷ್ಟು ಎತ್ತರ ಇಲ್ಲ' ಎಂದರೆ ಗಿಡ್ಡ, ಅನುಮಾನವೇ ಇಲ್ಲ. 'ಅನಿತಾಗಿಂತ ಎತ್ತರ ಇಲ್ಲ' ಎಂದರೆ ಗಿಡ್ಡ ಇರಬಹುದು, ಸಮವೂ ಇರಬಹುದು. 'ಯಾರೂ ಸಮ ಇಲ್ಲ' ಎಂಬ ಷರತ್ತು ಮೇಲೆ ಇದ್ದರೆ ಎರಡೂ ಒಂದೇ. ಇಲ್ಲದಿದ್ದರೆ ಬೇರೆ ಬೇರೆ.

'ಎಷ್ಟು ಜನ ಅವಳಿಗಿಂತ ಎತ್ತರವೋ ಅಷ್ಟೇ ಜನ ಗಿಡ್ಡ' ಎಂದರೆ ಅವಳು ಸರಿ ನಡುವೆ. ಇದು ಬೆಸ ಸಂಖ್ಯೆಯ ಗುಂಪಿನಲ್ಲಿ ಮಾತ್ರ ಆಗುವ ಮಾತು. ಇದರ ಅಣ್ಣತಮ್ಮ ಇನ್ನೊಂದಿದೆ, ಬ್ಯಾಂಕ್ ಪರೀಕ್ಷೆಯವರಿಗೆ ಬಲು ಪ್ರೀತಿ: 'ದಾವಲ್‌ಗಿಂತ ಎತ್ತರದವರು ಎಷ್ಟೋ, ಈರಣ್ಣನಿಗಿಂತ ಗಿಡ್ಡ ಇರುವವರೂ ಅಷ್ಟೇ'. ಅಂದರೆ ಒಬ್ಬ ಮೇಲಿನಿಂದ ಎಷ್ಟನೆಯವನೋ ಇನ್ನೊಬ್ಬ ಕೆಳಗಿನಿಂದ ಅಷ್ಟನೆಯವನು. ಇಬ್ಬರ ಸ್ಥಾನ ಕೂಡಿಸಿದರೆ ಒಟ್ಟು ಜನ + 1 ಬರಬೇಕು. ಎಂಟು ಜನರಿದ್ದರೆ ಜೋಡಿಗಳು 1-8, 2-7, 3-6, 4-5. ಈ ಪಟ್ಟಿ ಬರೆದುಕೊಂಡರೆ ಉಳಿದ ಸುಳಿವು ಎರಡು ಮೂರು ಜೋಡಿಯನ್ನು ತಾನೇ ಹೊಡೆದುಹಾಕುತ್ತದೆ.

ಮೂರು ಮಾನದಂಡ ಬಂದ್ರ? ಕೇಸ್ ಮ್ಯಾಲೆ ಕೇಸ್ ಆಗ್ತಾವು.

ಆಗುತ್ತವೆ (ಕೇಸ್ ಅಂದರೆ ಸಾಧ್ಯ ಇರುವ ಒಂದೊಂದು ಜೋಡಣೆ, ಮೇಲೆ 'ಚಿತ್ರ' ಅಂದದ್ದು ಇದನ್ನೇ), ಆದರೆ ಎಷ್ಟೋ ಸಲ ಆಗಬೇಕಿಲ್ಲ. ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಪೊಲೀಸ್ ದೈಹಿಕ ಪರೀಕ್ಷೆಗೆ ತಾಲೀಮು ಮಾಡುವ ನಾಲ್ವರು ಅಂದುಕೊಳ್ಳಿ: ಮಂಜು, ಶರಣಪ್ಪ, ಇಮಾಮ್, ಪರಶುರಾಮ. ಓಟ, ಉದ್ದ ಜಿಗಿತ, ಗುಂಡು ಎಸೆತ ಮೂರರಲ್ಲೂ 1ರಿಂದ 4ರ ತನಕ ಸ್ಥಾನ, ಸಮ ಇಲ್ಲ.

1. ಯಾರೂ ಎರಡು ಸ್ಪರ್ಧೆಯಲ್ಲಿ ಒಂದೇ ಸ್ಥಾನ ಪಡೆದಿಲ್ಲ.
2. ಓಟದಲ್ಲಿ ಕೊನೆಯವನೇ ಗುಂಡು ಎಸೆತದಲ್ಲಿ ಮೊದಲಿಗ.
3. ಪರಶುರಾಮ ಜಿಗಿತದಲ್ಲಿ ಮೊದಲಿಗ. ಓಟದಲ್ಲಿ ಮಂಜುವಿನ ಸರಿಯಾಗಿ ನಂತರದ ಸ್ಥಾನ.
4. ಇಮಾಮ್ ಗುಂಡು ಎಸೆತದಲ್ಲಿ ಕೊನೆಯವ.
5. ಇಮಾಮ್‌ನ ಮೂರು ಸ್ಥಾನಗಳ ಮೊತ್ತ 7.

ಹೆಚ್ಚಿನವರು ಮಂಜು-ಪರಶುರಾಮ ಜೋಡಿಯನ್ನು ಹಿಡಿದು ಓಟದಲ್ಲಿ 1-2, 2-3, 3-4 ಅಂತ ಮೂರು ಕೇಸ್ ಬರೆಯುತ್ತಾರೆ. ಬೇಡ. ಐದನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೆ ನೋಡಿ. ಇಮಾಮ್‌ಗೆ ಗುಂಡು ಎಸೆತದಲ್ಲಿ 4 ಹೋದರೆ ಉಳಿದದ್ದು 3. ಎರಡು ಸ್ಥಾನ ಸೇರಿ 3 ಆಗಬೇಕೆಂದರೆ 1 ಮತ್ತು 2 ಮಾತ್ರ. ಜಿಗಿತದ 1 ಪರಶುರಾಮನ ಪಾಲಾಗಿದೆ. ಹಾಗಾದರೆ ಇಮಾಮ್ ಓಟದಲ್ಲಿ 1, ಜಿಗಿತದಲ್ಲಿ 2. ಒಂದು ಗೆರೆಯಲ್ಲಿ ಮೂರು ಖಾನೆ ತುಂಬಿದವು.

ಈಗ ಓಟದಲ್ಲಿ ಮಂಜು-ಪರಶುರಾಮರಿಗೆ 2-3 ಅಥವಾ 3-4. ಪರಶುರಾಮ ಓಟದಲ್ಲಿ 4 ಆದರೆ ಎರಡನೆಯ ಸುಳಿವಿನಂತೆ ಗುಂಡು ಎಸೆತದಲ್ಲಿ 1 ಆಗಬೇಕು. ಜಿಗಿತದಲ್ಲಿ ಆಗಲೇ 1 ಇದ್ದಾನೆ, ಮೊದಲ ಸುಳಿವು ಬಿಡುವುದಿಲ್ಲ. ಹಾಗಾಗಿ ಮಂಜು 2, ಪರಶುರಾಮ 3, ಶರಣಪ್ಪ 4. ಶರಣಪ್ಪ ಗುಂಡು ಎಸೆತದಲ್ಲಿ 1. ಅಲ್ಲಿ ಉಳಿದ 2, 3ರಲ್ಲಿ ಪರಶುರಾಮನಿಗೆ 3 ಆಗದು (ಓಟದಲ್ಲಿ ಬಂದಿದೆ), ಅವನಿಗೆ 2, ಮಂಜುವಿಗೆ 3. ಜಿಗಿತದಲ್ಲಿ ಉಳಿದ 3, 4ರಲ್ಲಿ ಮಂಜುವಿಗೆ 3 ಆಗದು, ಹಾಗಾಗಿ 4, ಶರಣಪ್ಪನಿಗೆ 3.

ಓಟ: ಇ, ಮ, ಪ, ಶ
ಜಿಗಿತ: ಪ, ಇ, ಶ, ಮ
ಗುಂಡು: ಶ, ಪ, ಮ, ಇ

ತಾಳೆ ನೋಡುವುದು ಹತ್ತು ಸೆಕೆಂಡಿನ ಕೆಲಸ. ಒಬ್ಬೊಬ್ಬರ ಸ್ಥಾನಗಳ ಮೊತ್ತ: ಪರಶುರಾಮ 6, ಇಮಾಮ್ 7, ಶರಣಪ್ಪ 8, ಮಂಜು 9. ಒಟ್ಟು 30. ಮೂರು ಸಾಲು, ಪ್ರತಿ ಸಾಲಿನಲ್ಲಿ 1+2+3+4 = 10, ಸರಿ ಹೊಂದಿತು. ಹೊಂದದಿದ್ದರೆ ಎಲ್ಲೋ ಒಬ್ಬನನ್ನು ಒಂದೇ ಸಾಲಿನಲ್ಲಿ ಎರಡು ಸಲ ಕೂರಿಸಿದ್ದೀರಿ. 'ಮೊತ್ತ ಕಡಿಮೆ ಇದ್ದವ ಒಟ್ಟಾರೆ ವಿಜೇತ' ಎಂದು ಪ್ರಶ್ನೆ ಬಂದರೆ ಪರಶುರಾಮ, ಒಂದೇ ಒಂದು ಸ್ಪರ್ಧೆ ಗೆದ್ದಿದ್ದರೂ.

ಮೊದಲ ಸುಳಿವನ್ನು ಎಷ್ಟು ಸಲ ಬಳಸಿದೆವು? ಮೂರು. ಅದರಲ್ಲಿ ಯಾರ ಹೆಸರೂ ಇಲ್ಲ ಎಂಬ ಕಾರಣಕ್ಕೆ ಪೀಠಿಕೆ ಎಂದುಕೊಂಡು ದಾಟಿಹೋಗುವವರಿಗೆ ಈ ಪಜಲ್ ಬಿಡಿಸಲು ಬರುವುದೇ ಇಲ್ಲ.

ಎರಡು ಕೇಸ್ ಬಂದಾವು ಅಂದ್ರ ಎರಡನ್ನೂ ಬರಕೊಳ್ಳಬೇಕೇನು?

ಎರಡಾದರೆ ಬರೆಯಿರಿ, ಪಕ್ಕ ಪಕ್ಕದಲ್ಲಿ, ಒಂದೇ ಅಳತೆಯಲ್ಲಿ. ಒಂದನ್ನು ತಲೆಯಲ್ಲಿ ಇಟ್ಟುಕೊಂಡು ಇನ್ನೊಂದನ್ನು ಮಾತ್ರ ಬರೆದರೆ ಬರೆದದ್ದೇ ಸತ್ಯವಾಗಿಬಿಡುತ್ತದೆ. ನಾಲ್ಕಾದರೆ ನಿಲ್ಲಿಸಿ, ಬಳಸದ ಸುಳಿವನ್ನು ಮತ್ತೆ ಓದಿ; ಒಂದು ಖಚಿತ ಮಾತು ಕಣ್ಣು ತಪ್ಪಿದೆ. ಕೇಸ್ ಸತ್ತರೆ ಅಳಿಸಬೇಡಿ, ಅಡ್ಡ ಗೀಟು ಹಾಕಿ ಪಕ್ಕದಲ್ಲಿ ಕೊಂದ ಸುಳಿವಿನ ಸಂಖ್ಯೆ ಬರೆಯಿರಿ. ಎರಡೂ ಸತ್ತರೆ ತಪ್ಪು ಹುಡುಕಲು ಅದೊಂದೇ ದಾರಿ.

ಎಲ್ಲ ಸುಳಿವು ಮುಗಿದರೂ ಎರಡು ಕೇಸ್ ಜೀವಂತ ಇದ್ದರೆ ಗಾಬರಿ ಬೇಡ. ಪ್ರಶ್ನೆಗಳಿಗೆ ಎರಡರಲ್ಲೂ ಒಂದೇ ಉತ್ತರ ಬರುತ್ತದೆಯೇ ನೋಡಿ. ಬಂದರೆ ಅದೇ ಉತ್ತರ.

'ಮಾಹಿತಿ ಸಾಲದು' ಅನ್ನೂ ಆಯ್ಕೆ ಯಾವಾಗ ಹಾಕಬೇಕು?

ಬಿಡಿಸಲು ಬರಲಿಲ್ಲ ಎಂಬ ಕಾರಣಕ್ಕೆ ಹಾಕುವ ಆಯ್ಕೆ ಅಲ್ಲ ಅದು. ಸಾಬೀತು ಮಾಡಿ ಹಾಕಬೇಕು: ಎಲ್ಲ ಸುಳಿವಿಗೂ ಒಪ್ಪುವ ಎರಡು ಬೇರೆ ಸಾಲು ತೋರಿಸಲು ಬರಬೇಕು. ರ > ಸ, ರ > ಮ, ಸ > ನ, ಮ > ನ ಎಂದಷ್ಟೇ ಕೊಟ್ಟರೆ ರಸಮನ ಆಗುತ್ತದೆ, ರಮಸನ ಕೂಡ ಆಗುತ್ತದೆ. ಮೊದಲಿಗ ಯಾರು ಎಂದರೆ ರ, ಕೊನೆ ಯಾರು ಎಂದರೆ ನ, ಇವು ಖಚಿತ. ಎರಡನೆಯವರು ಯಾರು ಎಂದರೆ ಮಾತ್ರ ಮಾಹಿತಿ ಸಾಲದು. ಒಂದೇ ಪಜಲ್, ಪ್ರಶ್ನೆ ಬದಲಾದಂತೆ ಉತ್ತರ ಬದಲು.

ದೊಡ್ಡ ಗುಂಪಿದ್ದಾಗ ಎಲ್ಲ ಸಾಲು ಬರೆಯಲು ಹೋಗಬೇಡಿ. ಒಬ್ಬರಿಗಿಂತ ಖಚಿತವಾಗಿ ಮೇಲಿರುವವರನ್ನು ಎಣಿಸಿ 1 ಕೂಡಿಸಿದರೆ ಆಕೆಗೆ ಸಿಗಬಹುದಾದ ಅತಿ ಒಳ್ಳೆಯ ಸ್ಥಾನ. ಖಚಿತವಾಗಿ ಕೆಳಗಿರುವವರನ್ನು ಒಟ್ಟಿನಿಂದ ಕಳೆದರೆ ಅತಿ ಕೆಳಗಿನ ಸ್ಥಾನ. ಏಳು ಜನರಲ್ಲಿ ಗೀತಾಳ ಮೇಲೆ ಇಬ್ಬರು ಖಚಿತ, ಕೆಳಗೆ ಮೂವರು ಖಚಿತ ಅಂದರೆ ಅವಳು 3 ಅಥವಾ 4, ಬೇರೆ ಇಲ್ಲ. 'ಗೀತಾ ಐದನೆಯವಳು ಆಗಬಹುದೇ?' ಎಂಬ ಪ್ರಶ್ನೆಗೆ ಸಾಲು ಬರೆಯದೇ ಉತ್ತರ ಸಿಕ್ಕಿತು.

'ಮೇಲಿರುವವರು' ಎಂದಾಗ ನೇರವಾಗಿ ಹೇಳಿದವರಷ್ಟೇ ಅಲ್ಲ, ಸರಪಳಿಯಲ್ಲಿ ಬಂದವರೂ ಸೇರುತ್ತಾರೆ. ಅ > ಬ, ಬ > ಗೀತಾ ಇದ್ದರೆ ಅ ಕೂಡ ಮೇಲೆ.

ನಡುವ ಕಿಲೋ, ಸೆಂಟಿಮೀಟರ್ ಕೊಡ್ತಾರಲ್ರಿ, ಅದಕ್ಕೇನು ಮಾಡೂದು?

ಮೊದಲು ಸಾಲು ಮುಗಿಸಿ, ಅಂಕಿ ಆಮೇಲೆ. ತೂಕದಲ್ಲಿ ಮೂರನೆಯವರು 62 ಕಿಲೋ, ಐದನೆಯವರು 51 ಎಂದಿದ್ದರೆ ನಾಲ್ಕನೆಯವರು ಅವೆರಡರ ನಡುವೆ ಎಲ್ಲಿಯಾದರೂ ಇರಬಹುದು. 'ಇರಬಹುದಾದ ತೂಕ' ಕೇಳಿದಾಗ ಆಯ್ಕೆಯಲ್ಲಿ 52ರಿಂದ 61ರೊಳಗಿನ ಅಂಕಿ ಹುಡುಕಿ. ಸರಾಸರಿ ತೆಗೆದು 56.5 ಎಂದು ಬರೆಯುವುದು ಗಣಿತದ ಚಟ. ಇಲ್ಲಿ ಅದಕ್ಕೆ ಆಧಾರವಿಲ್ಲ.

ಓಟದಾಗ ಸಮಯ ಕಡಿಮಿ, ರ‍್ಯಾಂಕ್ ಹೆಚ್ಚು. ಇದು ಉಲ್ಟಾ ಆಗಿ ತಲಿ ಕೆಡಸ್ತದ.

ಉಲ್ಟಾ ಮಾನದಂಡಗಳನ್ನು ಪ್ರಶ್ನೆ ಓದುವಾಗಲೇ ಗುರುತು ಹಾಕಿ. 100 ಮೀಟರ್ ಓಟದಲ್ಲಿ 12.8 ಸೆಕೆಂಡು 13.4ಕ್ಕಿಂತ ಮೇಲಿನ ಸ್ಥಾನ. 1998ರಲ್ಲಿ ಹುಟ್ಟಿದವರು 2001ರಲ್ಲಿ ಹುಟ್ಟಿದವರಿಗಿಂತ ಹಿರಿಯರು, ಇಸವಿ ಚಿಕ್ಕದು, ವಯಸ್ಸು ದೊಡ್ಡದು. ಹುಟ್ಟಿದ ದಿನಾಂಕ ಕೊಟ್ಟಿದ್ದರೆ ಎಲ್ಲರದನ್ನೂ ಹಿರಿಯರಿಂದ ಕಿರಿಯರಿಗೆ ಒಮ್ಮೆ ಬರೆದುಬಿಡಿ, ಮುಂದೆ ಆ ಸಾಲನ್ನೇ ನೋಡಿ, ಇಸವಿಯ ಕಡೆ ತಿರುಗಬೇಡಿ.

'ರ‍್ಯಾಂಕ್ ಕಡಿಮೆ' ಎಂಬ ಮಾತಂತೂ ಜಗಳಗಂಟಿ. 3ನೇ ರ‍್ಯಾಂಕ್ 7ನೇ ರ‍್ಯಾಂಕಿಗಿಂತ ಅಂಕಿಯಲ್ಲಿ ಕಡಿಮೆ, ಯೋಗ್ಯತೆಯಲ್ಲಿ ಹೆಚ್ಚು. ನೀವು ಟಿಪ್ಪಣಿ ಬರೆಯುವಾಗ 'ಮೇಲೆ', 'ಕೆಳಗೆ' ಅಂತಲೇ ಬರೆಯಿರಿ.

ಇಬ್ಬರಿಗೆ ಸಮ ಅಂಕ ಬಂದ್ರ ಮುಂದಿನವನಿಗೆ ಯಾವ ರ‍್ಯಾಂಕ್?

ಎರಡು ಪದ್ಧತಿ ಇವೆ. ಅಂಕ 90, 85, 85, 80 ಇದ್ದರೆ ಒಂದು ಪದ್ಧತಿಯಲ್ಲಿ 1, 2, 2, 4; ಇನ್ನೊಂದರಲ್ಲಿ 1, 2, 2, 3. ಮೊದಲನೆಯದರಲ್ಲಿ ರ‍್ಯಾಂಕ್ ಎಂದರೆ 'ನನಗಿಂತ ಮುಂದೆ ಎಷ್ಟು ಜನ' + 1. ಆಟೋಟಗಳಲ್ಲಿ ಕಾಣುವುದು ಸಾಮಾನ್ಯವಾಗಿ ಇದೇ. ಎರಡನೆಯದರಲ್ಲಿ 'ನನಗಿಂತ ಮೇಲೆ ಎಷ್ಟು ಬೇರೆ ಬೇರೆ ಅಂಕ' + 1. ಯಾವುದು ಎಂದು ಪ್ರಶ್ನೆ ಹೇಳದಿದ್ದರೆ ಆಯ್ಕೆಗಳಲ್ಲಿ ಯಾವ ಉತ್ತರ ಇದೆ ನೋಡಿ ತೀರ್ಮಾನಿಸಿ.

ಮೆರಿಟ್ ಲಿಸ್ಟ್ ಪಜಲ್ ಬ್ಯಾರೆ ರೀತಿ ಬಿಡಿಸಬೇಕೇನು?

ಹೌದು, ಅಲ್ಲಿ ಮಾನದಂಡಗಳು ಒಂದರ ಪಕ್ಕ ಒಂದು ಇರುವುದಿಲ್ಲ, ಒಂದರ ಹಿಂದೆ ಒಂದು ನಿಂತಿರುತ್ತವೆ. ನಿಯಮ ಹೀಗಿದೆ ಅನ್ನಿ: ಮೊದಲು ಒಟ್ಟು ಅಂಕ, ಸಮವಾದರೆ ಕನ್ನಡದ ಅಂಕ, ಅದೂ ಸಮವಾದರೆ ಹಿರಿಯರು ಮೇಲೆ.

ಶಿವಪ್ಪ: ಒಟ್ಟು 142, ಕನ್ನಡ 61, ಜನನ 4 ಜುಲೈ 1999
ರೇಣುಕಾ: ಒಟ್ಟು 142, ಕನ್ನಡ 64, ಜನನ 12 ಮಾರ್ಚ್ 2001
ಮೌನೇಶ: ಒಟ್ಟು 145, ಕನ್ನಡ 58, ಜನನ 9 ಜನವರಿ 2002
ಲಕ್ಷ್ಮೀ: ಒಟ್ಟು 142, ಕನ್ನಡ 61, ಜನನ 20 ನವೆಂಬರ್ 1998
ಖಾಜಾ: ಒಟ್ಟು 139, ಕನ್ನಡ 70, ಜನನ 2 ಮೇ 1997

ಒಟ್ಟು ಅಂಕದಲ್ಲಿ ಮೌನೇಶ ಮೊದಲು, ಖಾಜಾ ಕೊನೆ. ಇವರಿಬ್ಬರ ಕತೆ ಅಲ್ಲಿಗೆ ಮುಗಿಯಿತು. ಖಾಜಾನ ಕನ್ನಡದ 70 ಆಗಲಿ, ಅವನೇ ಎಲ್ಲರಿಗಿಂತ ಹಿರಿಯ ಎಂಬುದಾಗಲಿ ಲೆಕ್ಕಕ್ಕೇ ಬರುವುದಿಲ್ಲ. 142ರ ಮೂವರಲ್ಲಿ ರೇಣುಕಾ ಕನ್ನಡದಿಂದ ಮೇಲೆ. ಉಳಿದಿಬ್ಬರಲ್ಲಿ ಲಕ್ಷ್ಮೀ ಹಿರಿಯಳು. ಮೌನೇಶ, ರೇಣುಕಾ, ಲಕ್ಷ್ಮೀ, ಶಿವಪ್ಪ, ಖಾಜಾ.

ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ಎರಡನೆಯ ಮಾನದಂಡವನ್ನು ಎಲ್ಲರಿಗೂ ಹಚ್ಚುವುದು. ಅದು ಸಮ ಬಂದವರ ಜಗಳ ಬಿಡಿಸಲಿಕ್ಕೆ ಮಾತ್ರ. ಒಟ್ಟು ಅಂಕದ ಸಾಲು ಮುಗಿದ ಕೂಡಲೇ ಸಮ ಬಂದವರನ್ನು ಮಾತ್ರ ಚೌಕದಲ್ಲಿ ಕಟ್ಟಿ, ಚೌಕದ ಹೊರಗಿನವರನ್ನು ಮುಟ್ಟಬೇಡಿ.

ಸಾಲಿನ ಸೂತ್ರ ಹೇಳತೀನಿ ಅಂದಿದ್ರಿ.

ಒಬ್ಬನೇ ಇದ್ದಾಗ: ಮುಂದಿನಿಂದ + ಹಿಂದಿನಿಂದ − 1 = ಒಟ್ಟು. 17 + 24 − 1 = 40. ಆ ಒಬ್ಬನನ್ನು ಎರಡೂ ಕಡೆಯಿಂದ ಎಣಿಸಿದ್ದೇವೆ, ಅದಕ್ಕೇ ಒಂದು ಕಳೆಯುವುದು.

ಇಬ್ಬರಿದ್ದಾಗ ಎರಡು ಉತ್ತರ ಸಾಧ್ಯ. ಗೀತಾ ಮುಂದಿನಿಂದ 15, ಮಂಜು ಹಿಂದಿನಿಂದ 18, ನಡುವೆ ನಾಲ್ವರು. ಗೀತಾ ಮುಂದಿದ್ದರೆ 15 + 18 + 4 = 37. ಮಂಜು ಅವಳನ್ನು ದಾಟಿ ಮುಂದಿದ್ದರೆ 15 + 18 − 4 − 2 = 27. 'ಗರಿಷ್ಠ' ಎಂದರೆ 37, 'ಕನಿಷ್ಠ' ಎಂದರೆ 27. ಎರಡನೆಯ ಸಾಧ್ಯತೆ ಯಾವಾಗಲೂ ಇರುವುದಿಲ್ಲ: ಇಬ್ಬರ ಸ್ಥಾನಗಳೂ ನಡುವಿನವರ ಸಂಖ್ಯೆ + 2 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲಿ 6; 15, 18 ಎರಡೂ ದಾಟಿವೆ.

ಹುಡುಗ-ಹುಡುಗಿಯರ ಪ್ರಶ್ನೆಯಲ್ಲಿ ತನ್ನನ್ನೇ ಕಳೆಯಲು ಮರೆಯುತ್ತಾರೆ. 45 ಜನರ ತರಗತಿ, ಹುಡುಗಿಯರು ಹುಡುಗರ ಎರಡರಷ್ಟು. ಮಂಜುನಾಥ 18ನೇ ಸ್ಥಾನ, ಅವನ ಮುಂದೆ 11 ಹುಡುಗಿಯರು. ಅವನ ನಂತರ ಎಷ್ಟು ಹುಡುಗರು? ಹುಡುಗರು 15. ಮುಂದಿರುವ 17ರಲ್ಲಿ ಹುಡುಗರು 6. 15 − 6 − 1 = 8. ಆಯ್ಕೆಯಲ್ಲಿ 9 ಇದ್ದೇ ಇರುತ್ತದೆ, ನಿಮಗಾಗಿಯೇ ಇಟ್ಟದ್ದು.

ಕನ್ನಡದಾಗ ಓದಬೇಕೋ ಇಂಗ್ಲಿಷಿನಾಗೋ?

ನಿಮಗೆ ವೇಗ ಇರುವ ಭಾಷೆಯಲ್ಲಿ ಓದಿ. ಸುಳಿವು ಹೊಂದದೇ ಹೋದಾಗ ಮಾತ್ರ ಆ ಒಂದು ವಾಕ್ಯವನ್ನು ಇನ್ನೊಂದು ಭಾಷೆಯಲ್ಲಿ ತಾಳೆ ಮಾಡಿ. ಅನುವಾದದ ತಪ್ಪು ಬರೀ ನೆಪ ಅಲ್ಲ: 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಅನುವಾದದ ದೋಷಗಳ ಕಾರಣಕ್ಕೆ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ರ‍್ಯಾಂಕಿಂಗ್‌ನಲ್ಲಿ ಕೆಡುವುದು ಹೆಚ್ಚಾಗಿ 'ಸರಿಯಾಗಿ ನಂತರ' ಎನ್ನುವುದು 'ನಂತರ' ಆಗಿ ಇಳಿದಾಗ, 'ಮಾತ್ರ' ಬಿದ್ದುಹೋದಾಗ. ಎರಡು ಕೇಸ್ ಸಾಯದೇ ಉಳಿದರೆ ಈ ಎರಡು ಪದಗಳಿರುವ ವಾಕ್ಯವನ್ನೇ ಮೊದಲು ನೋಡಿ.

ಒಂದು ಪಜಲ್‌ಗೆ ಎಷ್ಟು ಟೈಮ್ ಕೊಡಬೇಕ್ರಿ?

ಗ್ರಾಮೀಣ ಬ್ಯಾಂಕುಗಳ ಪೂರ್ವಭಾವಿ ಪರೀಕ್ಷೆಯಲ್ಲಿ 80 ಪ್ರಶ್ನೆಗೆ 45 ನಿಮಿಷ, ಅಂದರೆ ತಲಾ ಸುಮಾರು 34 ಸೆಕೆಂಡು. ಐದು ಪ್ರಶ್ನೆಯ ಗುಂಪಿಗೆ ಆ ಲೆಕ್ಕದಲ್ಲಿ ಮೂರು ನಿಮಿಷ ಚಿಲ್ಲರೆ ಬರುತ್ತದೆ. ಬೇರೆ ಸುಲಭ ಪ್ರಶ್ನೆಗಳಲ್ಲಿ ಉಳಿಸಿದ್ದು ಸೇರಿಸಿ ನಾಲ್ಕರಿಂದ ಐದು ನಿಮಿಷ ಕೊಡಬಹುದು, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಅಳತೆ: ಒಂದೂವರೆ ನಿಮಿಷದಲ್ಲಿ ಒಂದು ಖಾನೆಯೂ ಖಚಿತವಾಗಿ ತುಂಬದಿದ್ದರೆ ಬಿಟ್ಟು ಮುಂದೆ ಹೋಗಿ. ಅರ್ಧ ತುಂಬಿದ್ದರೆ ಬಿಡಬೇಡಿ; ಮತ್ತೆ ಬಂದಾಗ ನಿಮ್ಮದೇ ಗುರುತು ನಿಮಗೆ ತಿಳಿಯುವುದಿಲ್ಲ.

ಗೊತ್ತಿಲ್ಲದಿದ್ರ ಅಂದಾಜಿಗೆ ಹಾಕಬಹುದೇನು?

ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಐದು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಹಾಕುವುದರ ಲಾಭ ಸರಾಸರಿ ಸೊನ್ನೆ: ಐದರಲ್ಲಿ ಒಂದು ಸರಿಯಾಗಿ 1 ಬರುತ್ತದೆ, ನಾಲ್ಕು ತಪ್ಪಾಗಿ 1 ಹೋಗುತ್ತದೆ. ಎರಡು ಆಯ್ಕೆ ಹೊಡೆದುಹಾಕಲು ಬಂದರೆ ಪ್ರತಿ ಪ್ರಶ್ನೆಗೆ ಸರಾಸರಿ ಒಂದು ಅಂಕದ ಆರನೇ ಒಂದು ಭಾಗ ನಿಮ್ಮ ಕಡೆ. ಅರ್ಧ ತುಂಬಿದ ಸಾಲು ಬೆಲೆ ಬಾಳುವುದು ಇಲ್ಲೇ. ಪೂರ್ತಿ ಬಿಡಿಸದಿದ್ದರೂ 'ದಾವಲ್ ನಾಲ್ಕನೆಯವ' ಎಂಬುದೊಂದೇ ಎರಡು ಆಯ್ಕೆಯನ್ನು ಕೊಲ್ಲಬಲ್ಲದು.

ದಿನಾ ಎಷ್ಟು ಬಿಡಿಸಬೇಕು?

ಹೊಸದು ಎರಡು, ಹಿಂದಿನ ವಾರ ತಪ್ಪಿದ್ದು ಒಂದು. ಇಪ್ಪತ್ತು ಬಿಡಿಸಿ ಉತ್ತರ ನೋಡಿ ಸುಮ್ಮನಾಗುವುದಕ್ಕಿಂತ ತಪ್ಪಿದ ಒಂದರಲ್ಲಿ ಯಾವ ಸುಳಿವಿನ ಹತ್ತಿರ ದಾರಿ ತಪ್ಪಿತು ಎಂದು ಹುಡುಕುವುದು ಹೆಚ್ಚು ಕಲಿಸುತ್ತದೆ. ತಪ್ಪಿನ ಪಕ್ಕ ಒಂದೇ ಪದ ಬರೆಯಿರಿ: 'ಪಕ್ಕ', 'ಮಾತ್ರ', 'ಉಲ್ಟಾ', 'ಸಮ', 'ಸೇತುವೆ'. ಎರಡು ವಾರ ಕಳೆದ ಮೇಲೆ ಯಾವ ಪದ ಹೆಚ್ಚು ಸಲ ಬಂದಿದೆ ಎಣಿಸಿ. ರೂಮಿನಲ್ಲಿ ಜತೆಗಾರರಿದ್ದರೆ ಒಬ್ಬರಿಗೊಬ್ಬರು ಪಜಲ್ ಕಟ್ಟಿ ಕೊಡಿ: ಮೊದಲು ಉತ್ತರದ ಸಾಲು ಬರೆದು, ಆಮೇಲೆ ಸುಳಿವು ಬರೆದು, ಒಂದೊಂದೇ ಸುಳಿವು ತೆಗೆದು ನೋಡಿ. ಯಾವುದನ್ನು ತೆಗೆದರೆ ಎರಡನೆಯ ಸಾಲು ಹುಟ್ಟುತ್ತದೋ ಅದನ್ನು ಉಳಿಸಿಕೊಳ್ಳಿ, ತೆಗೆದರೂ ಏನೂ ಆಗದ್ದನ್ನು ಕೈಬಿಡಿ.